ಫಾಕ್ಸ್‌ಫರ್ಡಿನ ಶಾಪವೂ ಹನ್ನೆರಡು ಗೋಲುಗಳೂ

ಐರ್ಲೆಂಡಿನ ಪಶ್ಚಿಮದಲ್ಲಿರುವ ಮೇಯೋ ಕೌಂಟಿಯ ಗೇಲಿಕ್ ಫುಟ್‌ಬಾಲ್ ತಂಡದ ಬಗ್ಗೆ ಯಾರು ಏನೇ ಬರೆಯಲಿ, ಎರಡು ಮೂರು ಪ್ಯಾರಾ ಮುಗಿಯುವಷ್ಟರಲ್ಲಿ ಒಂದು ಶವಯಾತ್ರೆ ಬಂದೇ ಬರುತ್ತದೆ. 1951ರ ಸೆಪ್ಟೆಂಬರ್. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಮೀತ್ ಕೌಂಟಿಯನ್ನು ಸೋಲಿಸಿ ಆಲ್ ಐರ್ಲೆಂಡ್ ಪ್ರಶಸ್ತಿ ಗೆದ್ದ ಮೇಯೋ ಆಟಗಾರರು ಸ್ಯಾಮ್ ಮಗ್ವಾಯರ್ ಕಪ್ ಹಿಡಿದು ಊರಿಗೆ ಮರಳುತ್ತಿದ್ದರಂತೆ. ದಾರಿಯಲ್ಲಿ ಫಾಕ್ಸ್‌ಫರ್ಡ್ ಎಂಬ ಸಣ್ಣ ಪೇಟೆ. ಅಲ್ಲಿ ಎದುರಿಗೆ ಒಂದು ಶವಯಾತ್ರೆ ಬಂತಂತೆ. ಗೆಲುವಿನ ಗದ್ದಲದಲ್ಲಿದ್ದ ಆಟಗಾರರು ಗಾಡಿ ನಿಲ್ಲಿಸಲಿಲ್ಲ, ಸತ್ತವರಿಗೆ ಮರ್ಯಾದೆ ಸಲ್ಲಿಸಲಿಲ್ಲ. ಸಿಟ್ಟಾದ ಪಾದ್ರಿ ಶಾಪ ಹಾಕಿದರು: ಈ ತಂಡದ ಕೊನೆಯ ಆಟಗಾರ ಸಾಯುವವರೆಗೆ ಮೇಯೋ ಮತ್ತೆ ಆಲ್ ಐರ್ಲೆಂಡ್ ಗೆಲ್ಲುವುದಿಲ್ಲ.

ಆಮೇಲೆ ಮೇಯೋ ಗೆದ್ದಿಲ್ಲ ಎಂಬುದು ನಿಜ. 1989, 1996, 1997, 2004, 2006, 2012, 2013, 2016, 2017, 2020, 2021, ಹೀಗೆ ಹನ್ನೊಂದು ವರ್ಷ ಫೈನಲ್ ತಲುಪಿ ಹನ್ನೊಂದು ಸಲವೂ ಬರಿಗೈಯಲ್ಲಿ ಹಿಂದಿರುಗಿದ ತಂಡ ಇದು. ಈ ಪಟ್ಟಿಯನ್ನೂ ಆ ಕಥೆಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಪತ್ರಿಕೆಗೆ ಒಂದು ಲೇಖನ ಸಿದ್ಧ. ಕಥೆಯನ್ನು ಅಕ್ಷರಶಃ ನಂಬುವವರು ಹೆಚ್ಚು ಜನ ಇಲ್ಲ. ಆದರೆ ಅದರ ತಿರುಳನ್ನು ಬಹುತೇಕ ಎಲ್ಲರೂ ಒಪ್ಪಿಕೊಂಡಿದ್ದಾರೆ. ಮೇಯೋ ಹಣೆಬರಹದಲ್ಲಿ ಗೆಲುವು ಇಲ್ಲ, ಆ ತಂಡ ದೊಡ್ಡ ದಿನ ಎದೆಗುಂದುತ್ತದೆ, ಸೋಲೇ ಅದರ ಗುರುತು ಎಂಬ ಮಾತುಗಳೆಲ್ಲ ಅದೇ ಶಾಪದ ಬೇರೆ ಬೇರೆ ವೇಷಗಳು. ನನ್ನ ತಕರಾರು ಈ ಇಡೀ ಕುಟುಂಬದ ಮೇಲೆ. ಒಂದು ಕೌಂಟಿಯ ಎಪ್ಪತ್ತು ವರ್ಷಗಳ ಆಟದ ಚರಿತ್ರೆಯನ್ನು, ಅದರ ಸಾಧನೆಯನ್ನೂ ಅದರ ತಪ್ಪುಗಳನ್ನೂ, ಈ ಕಥೆ ಒಟ್ಟಿಗೆ ಕಸಿದುಕೊಂಡಿದೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಗೇಲಿಕ್ ಫುಟ್‌ಬಾಲ್‌ನಲ್ಲಿ ಒಂದು ಬದಿಗೆ ಹದಿನೈದು ಜನ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ಕೊಡಬಹುದು. ಗೋಲಿನ ಕಂಬಗಳು ಇಂಗ್ಲಿಷ್‌ನ ಎಚ್ ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟು, ಕೆಳಗೆ ಬಲೆಗೆ ಹೊಕ್ಕರೆ ಗೋಲು, ಅಂದರೆ ಮೂರು ಪಾಯಿಂಟು. 1951ರ ಫೈನಲ್‌ನಲ್ಲಿ ಮೇಯೋ 2-8, ಮೀತ್ 0-9 ಎಂದು ಬರೆದಿರುತ್ತದೆ. ಮೇಯೋಗೆ ಎರಡು ಗೋಲು ಮತ್ತು ಎಂಟು ಪಾಯಿಂಟು ಸೇರಿ 14, ಮೀತ್‌ಗೆ 9. 2025ರಲ್ಲಿ ನಿಯಮ ಬದಲಾಗಿ ದೂರದಿಂದ ಒದ್ದ ಪಾಯಿಂಟಿಗೆ ಎರಡು ಸಿಗುತ್ತದೆ, ಆದರೆ ನಾನು ಹೇಳುವ ಪಂದ್ಯಗಳೆಲ್ಲ ಹಳೆಯ ಲೆಕ್ಕದವು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಆಟಗಾರರಿಗೆ ಸಂಬಳ ಇಲ್ಲ. ಮೇಷ್ಟ್ರು, ರೈತ, ಬ್ಯಾಂಕಿನ ನೌಕರ, ವಿದ್ಯಾರ್ಥಿ, ಇವರೇ ಸಂಜೆ ಅಭ್ಯಾಸ ಮಾಡಿ ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಆಡುತ್ತಾರೆ. ಆಟಗಾರರನ್ನು ಹಣ ಕೊಟ್ಟು ಬೇರೆ ಕಡೆಯಿಂದ ತರುವ ಪದ್ಧತಿ ಇಲ್ಲ. ಬಹುಮಟ್ಟಿಗೆ ಕೌಂಟಿಯಲ್ಲಿ ಹುಟ್ಟಿ ಬೆಳೆದವರನ್ನು ಇಟ್ಟುಕೊಂಡೇ ತಂಡ ಕಟ್ಟಬೇಕು. ಆದ್ದರಿಂದ ಕೌಂಟಿಯಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದೇ ತಂಡದ ಮೊದಲ ಬಂಡವಾಳ.

ಶಾಪದ ಕಥೆಗೆ ಮೊದಲು ಅಡ್ಡ ಬರುವುದು ಒಂದು ತಾರೀಖು. 1951ರ ಬಳಿಕ ಮೇಯೋ ಮತ್ತೆ ಫೈನಲ್ ತಲುಪಿದ್ದು 1989ರಲ್ಲಿ. ನಡುವಿನ ಮೂವತ್ತೆಂಟು ವರ್ಷ ಆ ತಂಡ ಫೈನಲ್‌ನಲ್ಲಿ ಸೋಲಲೇ ಇಲ್ಲ, ಯಾಕೆಂದರೆ ಅಲ್ಲಿಗೆ ತಲುಪಲೇ ಇಲ್ಲ. ಈಗ ನಾವು ಕೇಳುವ ಕಥೆ ಕಪ್ಪಿನ ಹತ್ತಿರ ಬಂದು ಕೈತಪ್ಪುವ ಕಥೆ. ಆ ಮೂವತ್ತೆಂಟು ವರ್ಷಗಳಲ್ಲಿ ಅಂಥದ್ದೇನೂ ನಡೆಯಲಿಲ್ಲ. ಕಪ್ಪು ಕಣ್ಣಳತೆಯಲ್ಲೇ ಇರಲಿಲ್ಲ. ಆ ಕಾಲವನ್ನು ಅರ್ಥಮಾಡಿಕೊಳ್ಳಲು ಪಾದ್ರಿಯ ಸಿಟ್ಟನ್ನು ಬಿಟ್ಟು ಜನಗಣತಿಯ ಪುಟ ತೆಗೆಯಬೇಕು.

1841ರಲ್ಲಿ, ಆಲೂಗಡ್ಡೆ ಬೆಳೆ ನಾಶವಾಗಿ ಮಹಾಕ್ಷಾಮ ಬರುವ ಮೊದಲು, ಮೇಯೋದಲ್ಲಿ 3.88 ಲಕ್ಷ ಜನರಿದ್ದರು. ತಂಡ ಗೆದ್ದ 1951ರಲ್ಲಿ 1.42 ಲಕ್ಷ. ಹತ್ತು ವರ್ಷದಲ್ಲಿ ಅದು 1.23 ಲಕ್ಷಕ್ಕಿಳಿಯಿತು, 1971ರಲ್ಲಿ 1.10 ಲಕ್ಷಕ್ಕೂ ಕಡಿಮೆ. 1950ರ ದಶಕವೊಂದರಲ್ಲೇ ಐರ್ಲೆಂಡ್ ಗಣರಾಜ್ಯ ನಾಲ್ಕು ಲಕ್ಷ ಜನರನ್ನು ವಲಸೆಗೆ ಕಳೆದುಕೊಂಡಿತು. ಪಶ್ಚಿಮದ ಕೌಂಟಿಗಳಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಹೋದವರು ಯಾರು? ಹದಿನೆಂಟರಿಂದ ಮೂವತ್ತರ ಒಳಗಿನವರು. ಲಂಡನ್ನಿನ, ಮ್ಯಾಂಚೆಸ್ಟರಿನ ಕಟ್ಟಡದ ಕೆಲಸಕ್ಕೆ, ನ್ಯೂಯಾರ್ಕಿನ ಕೂಲಿಗೆ ಹೋದವರು. ಫುಟ್‌ಬಾಲ್ ಆಡುವ ವಯಸ್ಸು ಅದೇ ತಾನೇ.

ಗೆದ್ದ ತಂಡದಲ್ಲೇ ಈ ಕಥೆ ಶುರುವಾಗುತ್ತದೆ. ಪಾಡ್ರಿಗ್ ಕಾರ್ನಿ ಆ ತಂಡದ ಮಧ್ಯರಂಗದ ಆಧಾರ, ವೃತ್ತಿಯಿಂದ ವೈದ್ಯ. 1954ರಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋದರು. ಅದೇ ವರ್ಷ, ಆಲ್ ಐರ್ಲೆಂಡ್‌ಗಿಂತ ಬೇರೆಯಾದ ಪಂದ್ಯಾವಳಿ ನ್ಯಾಷನಲ್ ಲೀಗ್‌ನ ಸೆಮಿಫೈನಲ್ ಬಂದಾಗ ಅವರನ್ನು ವಿಮಾನದಲ್ಲಿ ಕರೆಸಿ ಆಡಿಸಲಾಯಿತು. ಅಂದಿನಿಂದ ಅವರಿಗೆ 'ಹಾರುವ ಡಾಕ್ಟರ್' ಎಂಬ ಹೆಸರು ಅಂಟಿಕೊಂಡಿತು, ಜನ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದರಲ್ಲಿ ಹೆಮ್ಮೆಗಿಂತ ನೋವು ಹೆಚ್ಚು ಕಾಣುತ್ತದೆ. ತನ್ನ ಅತ್ಯುತ್ತಮ ಆಟಗಾರನನ್ನು ಒಂದು ಪಂದ್ಯಕ್ಕಾಗಿ ಸಾಗರದಾಚೆಯಿಂದ ಕರೆಸಬೇಕಾದ ಕೌಂಟಿ ಯಾವ ಸ್ಥಿತಿಯಲ್ಲಿತ್ತು ಎಂದು ಯೋಚಿಸಿ. ವಿಮಾನದ ಟಿಕೆಟ್ಟು ಒಬ್ಬರಿಗೆ ಕೊಡಿಸಬಹುದು. ಹೋದ ಸಾವಿರಾರು ಹುಡುಗರಿಗೆ ಯಾರು ಕೊಡಿಸುತ್ತಾರೆ?

ಹೋದವರು ಆಟ ಬಿಡಲಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಮೇಯೋ ಆಡುವ ಕೊನಾಕ್ಟ್ ಪ್ರಾಂತ್ಯದ ಚಾಂಪಿಯನ್‌ಷಿಪ್‌ನಲ್ಲಿ ಇಂದು ಲಂಡನ್ ತಂಡವೂ ನ್ಯೂಯಾರ್ಕ್ ತಂಡವೂ ಆಡುತ್ತವೆ. ವಲಸೆ ಹೋದವರೇ ಕಟ್ಟಿ ಬೆಳೆಸಿದ ತಂಡಗಳು ಅವು. 2011ರಲ್ಲಿ ಮೇಯೋ ಲಂಡನ್ನಿನ ರೈಸ್ಲಿಪ್ ಮೈದಾನಕ್ಕೆ ಹೋಗಿ ಆಡಿದಾಗ ಸೋಲಿನ ಅಂಚಿಗೆ ಬಂದು, ಹೆಚ್ಚುವರಿ ಸಮಯದಲ್ಲಿ ಹೇಗೋ ಪಾರಾಯಿತು. ಪಶ್ಚಿಮ ಐರ್ಲೆಂಡ್ ಕಳೆದುಕೊಂಡ ಶಕ್ತಿ ಎಲ್ಲಿಗೆ ಹೋಯಿತು ಎಂಬುದು ಆ ಮಧ್ಯಾಹ್ನ ಅಂಗಳದಲ್ಲೇ ಕಾಣುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಪಕ್ಕದ ಗಾಲ್ವೇ ಕೌಂಟಿಯಿಂದಲೂ ಜನ ವಲಸೆ ಹೋದರು, ಆದರೂ ಗಾಲ್ವೇ 1964, 1965, 1966ರಲ್ಲಿ ಸತತ ಮೂರು ಸಲ ಗೆದ್ದಿತಲ್ಲ? ನಿಜ. ಗಾಲ್ವೇಗೆ ನಗರವಿತ್ತು, ವಿಶ್ವವಿದ್ಯಾಲಯವಿತ್ತು, ಮೇಯೋಗಿಂತ ಹೆಚ್ಚು ಜನರಿದ್ದರು. ಆದರೂ ವಲಸೆಯೊಂದೇ ಎಲ್ಲವನ್ನೂ ವಿವರಿಸುತ್ತದೆ ಎಂದು ನಾನು ಹೇಳಲಾರೆ. ಉಳಿದದ್ದನ್ನು ವಿವರಿಸುವುದು ಸಂಘಟನೆ. ಮೇಯೋ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಸೆಳೆಯುವ ಪ್ರಸಂಗವೂ ಅದೇ.

1936ರಲ್ಲಿ ಮೊದಲ ಆಲ್ ಐರ್ಲೆಂಡ್ ಗೆದ್ದು, 1934ರಿಂದ 1939ರವರೆಗೆ ಸತತ ಆರು ನ್ಯಾಷನಲ್ ಲೀಗ್ ಗೆದ್ದ ತಂಡ 1940ರ ದಶಕದಲ್ಲಿ ಕುಸಿದಿತ್ತು. 1947ರಲ್ಲಿ ಶಾನ್ ಫ್ಲಾನಗನ್ ಸೇರಿದಂತೆ ಕೆಲವು ಆಟಗಾರರು ಕೌಂಟಿ ಮಂಡಳಿಗೆ ಒಂದು ಪತ್ರ ಬರೆದರು. ತಂಡವನ್ನು ನಡೆಸುವ ರೀತಿ ಹೀಗೇ ಇದ್ದರೆ ನಮ್ಮ ಶ್ರಮ ವ್ಯರ್ಥ ಎಂಬುದು ಅದರ ಸಾರ. ಆ ಕಾಲದಲ್ಲಿ ಆಟಗಾರರು ಮಂಡಳಿಯನ್ನು ಹೀಗೆ ಎದುರು ಹಾಕಿಕೊಳ್ಳುವುದು ಸಣ್ಣ ಧೈರ್ಯವಲ್ಲ. ಪತ್ರ ಕೆಲಸ ಮಾಡಿತು. ವ್ಯವಸ್ಥೆ ಬದಲಾಯಿತು. ಫೈನಲ್‌ಗೆ ಮೊದಲು ಆಟಗಾರರನ್ನು ಬಾಲಿನಾ ಪಟ್ಟಣದಲ್ಲಿ ಒಟ್ಟಿಗೆ ಇರಿಸಿ ಅಭ್ಯಾಸ ಮಾಡಿಸಿದರು. ಅದೇ ಫ್ಲಾನಗನ್ ನಾಯಕತ್ವದಲ್ಲಿ 1950ರಲ್ಲಿ ಲೌತ್ ವಿರುದ್ಧ, 1951ರಲ್ಲಿ ಮೀತ್ ವಿರುದ್ಧ ಗೆಲುವು ಬಂತು. ಫ್ಲಾನಗನ್ ಮುಂದೆ ಸಂಸತ್ತಿಗೂ ಹೋದರು, ಮಂತ್ರಿಯೂ ಆದರು. 1951ರ ಕಪ್ಪು ಹೀಗೆ ಬಂದದ್ದು: ನಾಲ್ಕು ವರ್ಷ ಹಿಂದಿನ ಒಂದು ಪತ್ರದಿಂದ, ಒಟ್ಟಿಗೆ ಬೆವರು ಹರಿಸಿದ ಶಿಬಿರಗಳಿಂದ. ಆದರೆ ಅದೇ ತಂಡದ ಹೆಸರು ಬಂದಾಗ ಜನರಿಗೆ ನೆನಪಾಗುವುದು ಗಾಡಿ ನಿಲ್ಲಿಸದ ಉಡಾಳರು. ಐರ್ಲೆಂಡಿನ ಅತ್ಯಂತ ಯೋಚನಾಶೀಲ ತಂಡಗಳಲ್ಲಿ ಒಂದನ್ನು ಈ ಕಥೆ ಪುಂಡರ ಗುಂಪಾಗಿ ಮಾಡಿಟ್ಟಿದೆ. ನನ್ನ ಸಿಟ್ಟಿಗೆ ಇದು ಮೊದಲ ಕಾರಣ.

ಒಗ್ಗಟ್ಟಾಗಿ ನಿಂತು ವ್ಯವಸ್ಥೆಯನ್ನು ಬಗ್ಗಿಸುವುದು ಆ ಮಣ್ಣಿಗೆ ಹೊಸದೂ ಅಲ್ಲ. ಜಮೀನ್ದಾರರ ವಿರುದ್ಧ ಗೇಣಿದಾರರನ್ನು ಸಂಘಟಿಸಿದ ಲ್ಯಾಂಡ್ ಲೀಗ್ 1879ರಲ್ಲಿ ಹುಟ್ಟಿದ್ದು ಮೇಯೋದ ಕ್ಯಾಸಲ್‌ಬಾರ್ ಪಟ್ಟಣದಲ್ಲಿ. ಅದರ ರೂವಾರಿ ಮೈಕೆಲ್ ಡೇವಿಟ್ ಹುಟ್ಟಿದ ಸ್ಟ್ರೇಡ್ ಇರುವುದು ಶಾಪದ ಕಥೆಯ ಫಾಕ್ಸ್‌ಫರ್ಡಿನ ಹತ್ತಿರದಲ್ಲೇ. ಗೇಲಿಕ್ ಆಟಗಳ ಸಂಘ 1884ರಲ್ಲಿ ಹುಟ್ಟಿದಾಗ ಅದರ ಪೋಷಕರಲ್ಲಿ ಡೇವಿಟ್ ಒಬ್ಬರು.

ಇನ್ನು 1989ರಿಂದೀಚಿನ ಸೋಲುಗಳಿಗೆ ಬರೋಣ. ಶಾಪದ ಕಥೆ ಹನ್ನೊಂದನ್ನೂ ಒಂದೇ ಮೂಟೆಗೆ ಕಟ್ಟುತ್ತದೆ. ಬಿಚ್ಚಿ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲ. 1989ರಲ್ಲಿ ಕಾರ್ಕ್ ವಿರುದ್ಧ ಮೂರು ಪಾಯಿಂಟಿನ ಗೌರವದ ಸೋಲು. 1996ರಲ್ಲಿ ಮೀತ್ ವಿರುದ್ಧ ಮೊದಲ ಪಂದ್ಯದಲ್ಲಿ ಮೇಯೋ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಮೀತ್‌ನ ಕಾಲಮ್ ಕಾಯ್ಲ್ ಒದ್ದ ಉದ್ದನೆಯ ಚೆಂಡು ನೆಲಕ್ಕೆ ಬಿದ್ದು ಪುಟಿದು ಅಡ್ಡಪಟ್ಟಿಯ ಮೇಲಿಂದ ಹೋಗಿ ಪಂದ್ಯ ಸಮವಾಯಿತು. ಮರುಪಂದ್ಯದಲ್ಲಿ ದೊಡ್ಡ ಹೊಡೆದಾಟ, ಎರಡೂ ಕಡೆಯಿಂದ ಒಬ್ಬೊಬ್ಬರು ಹೊರಕ್ಕೆ. ಮೇಯೋ ಕಳೆದುಕೊಂಡದ್ದು ಮಧ್ಯರಂಗದ ಲಿಯಮ್ ಮೆಕ್‌ಹೇಲ್‌ನನ್ನು. ಕೊನೆಗೆ ಒಂದೇ ಪಾಯಿಂಟಿನ ಸೋಲು. 1997ರಲ್ಲಿ ಕೆರಿಯ ಮಾರಿಸ್ ಫಿಟ್ಸ್‌ಜೆರಾಲ್ಡ್ ಒಬ್ಬರೇ ಒಂಬತ್ತು ಪಾಯಿಂಟು ಹೊಡೆದರು. 2004 ಮತ್ತು 2006ರಲ್ಲಿ ಕೆರಿ ಎಲ್ಲ ರೀತಿಯಲ್ಲೂ ಮೇಲಾದ ತಂಡ. 2006ರ ಅಂತರ ಹದಿಮೂರು ಪಾಯಿಂಟು. ಅದಕ್ಕೆ ಶಾಪ ಬೇಕಿರಲಿಲ್ಲ.

2012ರಿಂದ 2021ರವರೆಗಿನ ಆರು ಫೈನಲ್‌ಗಳೇ ನಿಜವಾದ ಪ್ರಶ್ನೆ. ಮರುಪಂದ್ಯ ಸೇರಿ ಒಟ್ಟು ಏಳು ಪಂದ್ಯ. ಈ ಏಳರ ಅಂಕಗಳನ್ನು ಒಟ್ಟಿಗೆ ಕೂಡಿಸಿ ನೋಡಿ ಎಂದು ನಾನು ಓದುಗರನ್ನು ಕೇಳುತ್ತೇನೆ, ಯಾಕೆಂದರೆ ಉತ್ತರ ಅಲ್ಲೇ ಇದೆ.

2012: ಡೊನೆಗಾಲ್ 2-11, ಮೇಯೋ 0-13. 2013: ಡಬ್ಲಿನ್ 2-12, ಮೇಯೋ 1-14. 2016ರ ಮೊದಲ ಪಂದ್ಯ: ಡಬ್ಲಿನ್ 2-9, ಮೇಯೋ 0-15. ಮರುಪಂದ್ಯ: ಡಬ್ಲಿನ್ 1-15, ಮೇಯೋ 1-14. 2017: ಡಬ್ಲಿನ್ 1-17, ಮೇಯೋ 1-16. 2020: ಡಬ್ಲಿನ್ 2-14, ಮೇಯೋ 0-15. 2021: ಟಿರೋನ್ 2-14, ಮೇಯೋ 0-15.

ಅಡ್ಡಪಟ್ಟಿಯ ಮೇಲಿಂದ ಹೋದ ಪಾಯಿಂಟುಗಳನ್ನಷ್ಟೇ ಎಣಿಸಿದರೆ ಮೇಯೋ 102, ಎದುರಾಳಿಗಳೆಲ್ಲ ಸೇರಿ 92. ಅಂದರೆ ಏಳು ಪಂದ್ಯಗಳಲ್ಲಿ ಹೆಚ್ಚು ಪಾಯಿಂಟು ಹೊಡೆದದ್ದು ಮೇಯೋ! ಗೋಲುಗಳನ್ನು ಎಣಿಸಿ: ಮೇಯೋ ಹೊಡೆದದ್ದು ಮೂರು, ಬಿಟ್ಟುಕೊಟ್ಟದ್ದು ಹನ್ನೆರಡು. ಹೆಚ್ಚಿನ ಸೋಲುಗಳ ಗುಟ್ಟು ಈ ಒಂಬತ್ತು ಗೋಲುಗಳ ಅಂತರದಲ್ಲಿದೆ. ಎದೆಗುಂದುವ ತಂಡ ದೊಡ್ಡ ದಿನ ಪಾಯಿಂಟು ಹೊಡೆಯಲಾಗದೆ ತಡವರಿಸಬೇಕಿತ್ತು, ಕಾಲು ನಡುಗಿ ಚೆಂಡು ಹೊರಗೆ ಹೋಗಬೇಕಿತ್ತು. ಇಲ್ಲಿ ಆದದ್ದು ಅದಲ್ಲ. ಜಗತ್ತಿನ ಅತ್ಯುತ್ತಮ ತಂಡಗಳಿಗೆ ಸಮನಾಗಿ, ಅವರಿಗಿಂತ ಹೆಚ್ಚಾಗಿಯೇ ಪಾಯಿಂಟು ಹೊಡೆದ ತಂಡ ತನ್ನ ಗೋಲಿನ ಮುಂದಿನ ಕೆಲವೇ ಗಜ ಜಾಗವನ್ನು ಕಾಯಲಾಗದೆ ಸೋತಿತು, ಎದುರಿನ ಬಲೆಗೆ ನುಗ್ಗಲಾಗದೆ ಸೋತಿತು. ಇದು ತಂತ್ರದ ಪ್ರಶ್ನೆ. ಅಭ್ಯಾಸದಲ್ಲಿ ತಿದ್ದಬಹುದಾದ ಪ್ರಶ್ನೆ.

ಆ ಗೋಲುಗಳು ಬಂದ ಹೊತ್ತನ್ನೂ ನೋಡಬೇಕು. 2012ರಲ್ಲಿ ಮೊದಲ ಹನ್ನೊಂದು ನಿಮಿಷದಲ್ಲೇ ಡೊನೆಗಾಲ್‌ನ ಮೈಕೆಲ್ ಮರ್ಫಿ ಒಂದು, ಕಾಲಮ್ ಮೆಕ್‌ಫ್ಯಾಡನ್ ಒಂದು. 2017ರಲ್ಲಿ ಎರಡನೆಯ ನಿಮಿಷದಲ್ಲೇ ಡಬ್ಲಿನ್‌ನ ಕಾನ್ ಓಕ್ಯಾಲಹನ್. 2020ರ ಡಿಸೆಂಬರ್ 19ರಂದು, ಕೋವಿಡ್ ಕಾರಣ ಪ್ರೇಕ್ಷಕರಿಲ್ಲದ ಕ್ರೋಕ್ ಪಾರ್ಕಿನಲ್ಲಿ, ರೆಫರಿ ಚೆಂಡನ್ನು ಮೇಲಕ್ಕೆಸೆದು ಆಟ ಶುರುಮಾಡಿದ ಹದಿಮೂರೇ ಸೆಕೆಂಡಿಗೆ ಡಬ್ಲಿನ್‌ನ ಡೀನ್ ರಾಕ್ ಮೇಯೋ ಬಲೆಗೆ ಚೆಂಡು ಸೇರಿಸಿದರು. ಆಲ್ ಐರ್ಲೆಂಡ್ ಫೈನಲ್‌ಗಳ ಚರಿತ್ರೆಯಲ್ಲೇ ಅದು ಅತಿ ವೇಗದ ಗೋಲು. ಮಧ್ಯರಂಗದಲ್ಲಿ ಚೆಂಡಿಗಾಗಿ ಪೈಪೋಟಿ ನಡೆದ ಗಳಿಗೆಯಲ್ಲಿ ಹಿಂದಿನ ದಾರಿ ಪೂರ್ತಿ ತೆರೆದಿತ್ತು. ಕೂಗಲು ಜನರಿರಲಿಲ್ಲ, ಒತ್ತಡ ಹಾಕುವ ಎಂಬತ್ತು ಸಾವಿರ ದನಿಗಳಿರಲಿಲ್ಲ. ಮೂರು ವರ್ಷ ಹಿಂದೆ ಎರಡನೆಯ ನಿಮಿಷಕ್ಕೆ ಗೋಲು ಬಿಟ್ಟುಕೊಟ್ಟಿದ್ದ ತಂಡ ಮತ್ತೆ ಅದೇ ಬಾಗಿಲು ತೆರೆದಿಟ್ಟು ಆಟ ಶುರುಮಾಡಿತು. ಇದಕ್ಕೆ ತರಬೇತುದಾರರನ್ನು ಪ್ರಶ್ನಿಸಬಹುದಿತ್ತು. ಪತ್ರಿಕೆಗಳು ಶಾಪವನ್ನು ನೆನೆದವು.

2016 ಇನ್ನೂ ಕಠಿಣ. ಮೊದಲ ಪಂದ್ಯದಲ್ಲಿ ಡಬ್ಲಿನ್ ಹೆಸರಿಗೆ ಬಂದ ಎರಡೂ ಗೋಲುಗಳು ಮೇಯೋ ಆಟಗಾರರೇ ತಮ್ಮ ಬಲೆಗೆ ತಾವು ಹಾಕಿಕೊಂಡವು. ಹಾಗಿದ್ದೂ ಪಂದ್ಯ ಸಮವಾಯಿತು. ಸ್ವಂತ ಬಲೆಗೆ ಎರಡು ಗೋಲು ಹಾಕಿಕೊಂಡೂ ಆ ಕಾಲದ ಡಬ್ಲಿನ್ ಎದುರು ಸೋಲದೆ ಉಳಿದ ತಂಡವನ್ನು ಹೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮರುಪಂದ್ಯಕ್ಕೆ ಮೇಯೋ ಗೋಲ್‌ಕೀಪರನ್ನು ಬದಲಿಸಿತು. ಡೇವಿಡ್ ಕ್ಲಾರ್ಕ್ ಜಾಗಕ್ಕೆ ರಾಬ್ ಹೆನಲಿ ಬಂದರು. ಹೆನಲಿಯ ಒದೆತ ಉದ್ದವಿರುತ್ತದೆ, ಎದುರಾಳಿಯ ಒತ್ತಡ ತಪ್ಪಿಸಬಹುದು ಎಂಬ ಲೆಕ್ಕ ಇದ್ದಿರಬೇಕು. ಎರಡನೆಯ ಅರ್ಧದಲ್ಲಿ ಹೆನಲಿ ಕೈಯಿಂದ ಚೆಂಡು ಜಾರಿತು, ಎದುರಾಳಿಯನ್ನು ಕೆಡವಿದರು, ಮೈದಾನದಿಂದ ಹೊರಹಾಕುವ ಬ್ಲ್ಯಾಕ್ ಕಾರ್ಡ್, ಪೆನಾಲ್ಟಿ. ಡಬ್ಲಿನ್‌ನ ಡಿಯರ್ಮಿಡ್ ಕಾನಲಿ ಗೋಲು ಹೊಡೆದರು. ಸೋಲು ಒಂದು ಪಾಯಿಂಟಿನದು. ಆ ನಿರ್ಧಾರ ತಪ್ಪು ಎಂದೇ ನನ್ನ ಅಭಿಪ್ರಾಯ. ಸುಮಾರು ಎರಡು ವಾರ ಹಿಂದೆ ಚೆನ್ನಾಗಿ ಆಡಿದ್ದ ಗೋಲ್‌ಕೀಪರನ್ನು ಆ ಹಂತದಲ್ಲಿ ಕೂರಿಸಬಾರದಿತ್ತು. ಆದರೆ ಅದು ಮನುಷ್ಯರು ಯೋಚಿಸಿ ತೆಗೆದುಕೊಂಡ ನಿರ್ಧಾರ. ಅದರ ಬಗ್ಗೆ ವಾದ ಮಾಡಬಹುದು. ವಿಧಿಯೊಂದಿಗೆ ವಾದ ಮಾಡಲಾಗದು, ಅದೇ ಅದರ ತೊಂದರೆ.

ಈ ತಂಡಕ್ಕೆ ಛಲವಿಲ್ಲ ಎನ್ನುವವರು 2017ರ ಕೊನೆಯ ಗಳಿಗೆಯನ್ನು ನೋಡಬೇಕು. ಪಂದ್ಯದ ಕೊನೆಗೆ ಸೇರಿಸಿದ ನಿಲುಗಡೆ ಸಮಯದ ಆರನೆಯ ನಿಮಿಷ. ಎರಡೂ ತಂಡ 1-16. ಡಬ್ಲಿನ್‌ಗೆ ಫ್ರೀ ಕಿಕ್. ಡೀನ್ ರಾಕ್ ಚೆಂಡನ್ನು ನೆಲದ ಮೇಲಿಟ್ಟು ಹಿಂದೆ ಸರಿದು ಓಡಿಬರುವಾಗ ಮೇಯೋದ ಲೀ ಕೀಗನ್ ತನ್ನ ಬೆನ್ನಿಗೆ ಸಿಕ್ಕಿಸಿದ್ದ ಜಿಪಿಎಸ್ ಉಪಕರಣವನ್ನು ಕಿತ್ತು ಅವರತ್ತ ಎಸೆದರು. ಆಟಗಾರ ಎಷ್ಟು ಓಡಿದ ಎಂದು ಅಳೆಯುವ ಪುಟ್ಟ ಡಬ್ಬಿ ಅದು. ತಪ್ಪೇ, ಆಟದ ನಿಯಮಕ್ಕೂ ಮರ್ಯಾದೆಗೂ ವಿರುದ್ಧವೇ. ರಾಕ್ ಗಮನ ಕದಲಲಿಲ್ಲ, ಚೆಂಡು ಕಂಬಗಳ ನಡುವೆ ಹೋಯಿತು, ಡಬ್ಲಿನ್ ಗೆದ್ದಿತು. ಆದರೆ ಆ ಎಸೆತದಲ್ಲಿ ಸೋಲನ್ನು ಹಣೆಬರಹವೆಂದು ಒಪ್ಪಿಕೊಂಡ ಮನಸ್ಸು ಎಲ್ಲಿದೆ? ಅದು ಕೊನೆಯ ಕ್ಷಣದವರೆಗೂ ಗೆಲ್ಲಬಹುದೆಂದು ನಂಬಿದವನ ಹತಾಶ ಪ್ರಯತ್ನ. ಆ ವರ್ಷ ದೇಶದ ಶ್ರೇಷ್ಠ ಆಟಗಾರನ ಪ್ರಶಸ್ತಿ ಬಂದದ್ದು ಮೇಯೋದ ಆಂಡಿ ಮೊರಾನ್‌ಗೆ, ಹಿಂದಿನ ವರ್ಷ ಇದೇ ಕೀಗನ್‌ಗೆ. ಎರಡು ವರ್ಷವೂ ಕಪ್ಪು ಡಬ್ಲಿನ್ನಿಗೆ ಹೋಗಿತ್ತು.

ಆ ಡಬ್ಲಿನ್ ಎಂಥ ತಂಡ ಎಂಬುದನ್ನೂ ಮರೆಯಬಾರದು. 2015ರಿಂದ 2020ರವರೆಗೆ ಸತತ ಆರು ಆಲ್ ಐರ್ಲೆಂಡ್, ಬೇರೆ ಯಾವ ಕೌಂಟಿಯೂ ಮಾಡದ ಸಾಧನೆ. 2022ರ ಗಣತಿಯಂತೆ ಡಬ್ಲಿನ್ ಜನಸಂಖ್ಯೆ 14.58 ಲಕ್ಷ, ಮೇಯೋ 1.38 ಲಕ್ಷ. ತರಬೇತಿಗೆ ಸಂಘದ ಅನುದಾನವೂ ಪ್ರಾಯೋಜಕರ ಹಣವೂ ರಾಜಧಾನಿಗೆ ಹರಿದಷ್ಟು ಪಶ್ಚಿಮಕ್ಕೆ ಹರಿಯಲಿಲ್ಲ. ಹಣವೊಂದೇ ಕಾರಣ ಎನ್ನಲಾಗದು. 2012ರಲ್ಲಿ ಡೊನೆಗಾಲ್, 2021ರಲ್ಲಿ ಟಿರೋನ್ ಮೇಯೋವನ್ನು ಸೋಲಿಸಿದವು, ಅವೇನೂ ಶ್ರೀಮಂತ ಕೌಂಟಿಗಳಲ್ಲ. ಆದರೆ ಆ ಡಬ್ಲಿನ್ ಎದುರು ಮತ್ತೆ ಮತ್ತೆ ಒಂದೇ ಪಾಯಿಂಟಿನವರೆಗೆ ಹೋದ ತಂಡ ಯಾವುದು? 2011ರಿಂದ 2017ರವರೆಗೆ ಒಂದು ವರ್ಷವೂ ತಪ್ಪದೆ ಸೆಮಿಫೈನಲ್ ತಲುಪಿದ್ದು ಯಾವುದು? 2021ರ ಆಗಸ್ಟಿನಲ್ಲಿ, ಚಾಂಪಿಯನ್‌ಷಿಪ್‌ನಲ್ಲಿ 45 ಪಂದ್ಯ ಸೋಲದೆ ಬಂದಿದ್ದ ಡಬ್ಲಿನ್ನನ್ನು ಹೆಚ್ಚುವರಿ ಸಮಯದಲ್ಲಿ ಮಣಿಸಿದ್ದು ಯಾವುದು? ಮೇಯೋಗೆ ಒಳ್ಳೆಯ ಫಾರ್ವರ್ಡ್ ಇಲ್ಲ ಎಂಬ ಮಾತೂ ಚಾಲ್ತಿಯಲ್ಲಿದೆ. ಚಾಂಪಿಯನ್‌ಷಿಪ್ ಇತಿಹಾಸದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ದಾಖಲೆಯನ್ನು ಕೆರಿಯ ಕಾಲಮ್ ಕೂಪರ್‌ರಿಂದ ಕಿತ್ತುಕೊಂಡವರು ಮೇಯೋದ ಕಿಲಿಯನ್ ಓಕಾನರ್. 2020ರ ಸೆಮಿಫೈನಲ್ ಒಂದರಲ್ಲೇ ಅವರು ಹೊಡೆದದ್ದು 4-9. ಸುಲಭವಾಗಿ ಹೇಳಿಕೊಂಡು ಬಂದ ಮಾತುಗಳು ಎಷ್ಟು ಪೊಳ್ಳು ಎಂಬುದಕ್ಕೆ ಇದೊಂದು ಉದಾಹರಣೆ.

ಶಾಪವಾದಿಗಳು ಎಂದೂ ಉತ್ತರಿಸದ ಇನ್ನೆರಡು ಸಂಗತಿಗಳಿವೆ. ಒಂದು, ಜಾನ್ ಓಮಾಹನಿ. 1989ರಲ್ಲಿ ಮೇಯೋವನ್ನು ಫೈನಲ್‌ಗೆ ಕೊಂಡೊಯ್ದ ಮ್ಯಾನೇಜರ್, ಮೇಯೋದವರೇ. ಆಮೇಲೆ ಅವರು ಲೀಟ್ರಿಮ್ ಎಂಬ ಪುಟ್ಟ ಕೌಂಟಿಗೆ 1994ರ ಕೊನಾಕ್ಟ್ ಪ್ರಶಸ್ತಿ ಗೆಲ್ಲಿಸಿಕೊಟ್ಟರು, ಗಾಲ್ವೇಗೆ ಹೋಗಿ 1998 ಮತ್ತು 2001ರಲ್ಲಿ ಆಲ್ ಐರ್ಲೆಂಡನ್ನೇ ಗೆದ್ದರು. ಅದೇ ಮಣ್ಣಿನ ಮನುಷ್ಯ, ಅದೇ ಆಟ, ಅದೇ ಕ್ರೋಕ್ ಪಾರ್ಕ್.

ಇನ್ನೊಂದು, ಮೇಯೋ ಮಹಿಳೆಯರು. 1999, 2000, 2002, 2003, ಐದು ವರ್ಷಗಳಲ್ಲಿ ನಾಲ್ಕು ಆಲ್ ಐರ್ಲೆಂಡ್. ಅದೇ ಹಸಿರು ಕೆಂಪು ಅಂಗಿ, ಅದೇ ಕೌಂಟಿಯ ಹಳ್ಳಿಗಳು, ಅದೇ ಮನೆಗಳ ಹೆಣ್ಣುಮಕ್ಕಳು. 1999ರ ಫೈನಲ್‌ಗೆ ಕೆಲವೇ ದಿನ ಮೊದಲು ಹದಿನೇಳರ ಕೋರಾ ಸ್ಟಾಂಟನ್‌ಗೆ ಅಭ್ಯಾಸದಲ್ಲಿ ಕತ್ತಿನ ಕೆಳಗಿನ ಎಲುಬು ಮುರಿಯಿತು. ತಂಡ ಆಕೆಯನ್ನು ಪಟ್ಟಿಯಿಂದ ತೆಗೆಯಲಿಲ್ಲ. ಮೈದಾನಕ್ಕಿಳಿಸಿ, ಆಟ ಶುರುವಾದ ಕೂಡಲೇ ಹೊರಗೆ ಕರೆಸಿಕೊಂಡಿತು. ತಮ್ಮ ಅತ್ಯುತ್ತಮ ಆಟಗಾರ್ತಿ ಇಲ್ಲದೆಯೇ ಉಳಿದವರು ಆಗಿನ ಬಲಿಷ್ಠ ತಂಡ ವಾಟರ್‌ಫರ್ಡನ್ನು ಸೋಲಿಸಿ ಮೇಯೋಗೆ ಮೊದಲ ಮಹಿಳಾ ಕಪ್ಪು ತಂದರು. ಮುಂದೆ ಕೋರಾ ಆ ಆಟದ ಅತ್ಯಂತ ದೊಡ್ಡ ಹೆಸರುಗಳಲ್ಲಿ ಒಂದಾದರು, ಆಸ್ಟ್ರೇಲಿಯಾದ ವೃತ್ತಿಪರ ಲೀಗಿನಲ್ಲೂ ಆಡಿದರು. 1951ರಿಂದ ಮೇಯೋ ಆಲ್ ಐರ್ಲೆಂಡ್ ಗೆದ್ದಿಲ್ಲ ಎಂಬ ವಾಕ್ಯ ಸಾವಿರ ಸಲ ಅಚ್ಚಾಗಿದೆ. ಆ ವಾಕ್ಯ ಸುಳ್ಳು. ಗಂಡಸರು ಗೆದ್ದಿಲ್ಲ ಎಂದು ಬರೆಯಬೇಕು. ಶಾಪದ ಕಥೆಯ ಅಂದ ಕೆಡದಿರಲೆಂದು ನಾಲ್ಕು ಕಪ್ಪುಗಳನ್ನು ಕಪಾಟಿನ ಹಿಂದೆ ಸರಿಸಿಟ್ಟದ್ದು ಈ ಚರಿತ್ರೆ ಬರವಣಿಗೆಯ ದೊಡ್ಡ ಅನ್ಯಾಯ.

ಅದಕ್ಕಿಂತ ನನ್ನನ್ನು ಕಾಡುವುದು ಪ್ಯಾಡಿ ಪ್ರೆಂಡರ್‌ಗಾಸ್ಟ್ ವಿಷಯ. 1950 ಮತ್ತು 1951ರ ತಂಡದ ಫುಲ್‌ಬ್ಯಾಕ್, ತನ್ನ ಕಾಲದ ಅತ್ಯುತ್ತಮ ರಕ್ಷಕರಲ್ಲಿ ಒಬ್ಬರು, ಎತ್ತರಕ್ಕೆ ಹಾರಿ ಚೆಂಡು ಹಿಡಿಯುವುದರಲ್ಲಿ ಹೆಸರಾದವರು. ಬದುಕಿನ ಬಹುಪಾಲು ಕೆರಿಯ ಟ್ರಲೀಯಲ್ಲಿ ಕಳೆದರು. ಜೊತೆಗಾರರು ಒಬ್ಬೊಬ್ಬರಾಗಿ ತೀರಿಕೊಂಡರು. 2019ರಲ್ಲಿ ಅಮೆರಿಕದಲ್ಲಿದ್ದ ಕಾರ್ನಿಯೂ ಹೋದ ಮೇಲೆ ಇವರೊಬ್ಬರೇ ಉಳಿದರು. ಆಗ ಏನಾಯಿತು ನೋಡಿ. ಶಾಪ ಕಳೆಯಬೇಕಾದರೆ ಸಾಯಬೇಕಾದ ಕೊನೆಯ ವ್ಯಕ್ತಿ ಇವರು. ಮೇಯೋ ಫೈನಲ್ ತಲುಪಿದಾಗಲೆಲ್ಲ ಪತ್ರಕರ್ತರು ತೊಂಬತ್ತು ದಾಟಿದ ಈ ಹಿರಿಯರ ಮುಂದೆ ಅದೇ ಪ್ರಶ್ನೆ ಇಡುತ್ತಿದ್ದರು. ಅಂಥದ್ದೇನೂ ನಡೆಯಲಿಲ್ಲ ಎಂದು ಆ ಗಾಡಿಯಲ್ಲಿ ಬಂದವರೇ ಹೇಳಿದರೂ ಕಥೆ ನಿಲ್ಲಲಿಲ್ಲ. ಅದನ್ನು ಬರೆದವರಲ್ಲಿ, ಹಂಚಿಕೊಂಡವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಒಬ್ಬ ಮನುಷ್ಯನ ಸಾವನ್ನು ಒಂದು ಕಪ್ಪಿನ ದಾರಿಯ ಅಡ್ಡಿಯಂತೆ ಎಣಿಸಿದ ಕಥೆ ಅದು. ಎರಡು ಆಲ್ ಐರ್ಲೆಂಡ್ ತಂದುಕೊಟ್ಟ ಆಟಗಾರನಿಗೆ ಸಲ್ಲಬೇಕಾದ ಕೃತಜ್ಞತೆ ಇದಲ್ಲ.

2021ರ ಸೆಪ್ಟೆಂಬರ್ 11ರಂದು ಟಿರೋನ್ ವಿರುದ್ಧದ ಫೈನಲ್‌ನಲ್ಲಿ ಮೇಯೋ ಪೆನಾಲ್ಟಿಯೊಂದನ್ನು ಕಳೆದುಕೊಂಡಿತು, ಎರಡು ಗೋಲು ಬಿಟ್ಟುಕೊಟ್ಟಿತು, ಐದು ಪಾಯಿಂಟಿನಿಂದ ಸೋತಿತು. ಹದಿನೈದು ದಿನಗಳ ಬಳಿಕ, ಸೆಪ್ಟೆಂಬರ್ 26ರಂದು, ಪ್ರೆಂಡರ್‌ಗಾಸ್ಟ್ ತೀರಿಕೊಂಡರು. ಅವರಿಗೆ 95 ವರ್ಷ.

ಕಥೆಯ ಷರತ್ತಿನಂತೆ ಅಂದೇ ಶಾಪ ಕಳೆಯಿತು. ಆಮೇಲೆ? 2022ರಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಕೆರಿ ವಿರುದ್ಧ ಸೋಲು. 2023ರಲ್ಲಿ ನ್ಯಾಷನಲ್ ಲೀಗ್ ಗೆದ್ದರೂ ಚಾಂಪಿಯನ್‌ಷಿಪ್‌ನಲ್ಲಿ ಡಬ್ಲಿನ್ ಎದುರು ಕ್ವಾರ್ಟರ್ ಫೈನಲ್‌ನಲ್ಲೇ ಸೋಲು. 2024ರಲ್ಲಿ ಅದಕ್ಕೂ ಮೊದಲೇ, ಸ್ವಂತ ಮೈದಾನದಲ್ಲಿ, ಡೆರ್ರಿ ವಿರುದ್ಧ ಪೆನಾಲ್ಟಿಯಲ್ಲಿ ಸೋಲು. 2025ರಲ್ಲಿ ಗುಂಪಿನ ಹಂತವನ್ನೇ ದಾಟಲಿಲ್ಲ. ಶಾಪವಿದ್ದ ಕಾಲದಲ್ಲಿ ಫೈನಲ್ ಮೇಲೆ ಫೈನಲ್ ತಲುಪುತ್ತಿದ್ದ ತಂಡ ಶಾಪ ಕಳೆದ ಮೇಲೆ ಸೆಮಿಫೈನಲ್ಲನ್ನೂ ಕಂಡಿಲ್ಲ. ಕಾರಣ ಸರಳ. ಕೀಗನ್, ಮೊರಾನ್, ಕಾಲಮ್ ಬಾಯ್ಲ್, ಕೀತ್ ಹಿಗಿನ್ಸ್, ಡೇವಿಡ್ ಕ್ಲಾರ್ಕ್, ಒಂದು ಅಸಾಮಾನ್ಯ ಪೀಳಿಗೆ ಆಟ ಮುಗಿಸಿತು. ಅವರ ಜಾಗಕ್ಕೆ ಅಷ್ಟೇ ಗಟ್ಟಿಯವರು ಇನ್ನೂ ಬಂದಿಲ್ಲ.

ನನಗೆ ಬೇಸರ ತರುವುದು ಈ ಪೀಳಿಗೆಗೆ ಆದ ಮೋಸ. ಅವರನ್ನು ಹೊಗಳುವವರು ಕೂಡ 'ಸುಂದರವಾಗಿ ಸೋತವರು' ಎಂದೇ ಹೊಗಳುತ್ತಾರೆ. ಸೋಲನ್ನು ಸುಂದರ ಮಾಡಿದರೆ ಅದರಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. 1947ರಲ್ಲಿ ಪತ್ರ ಬರೆದವರು ತಮ್ಮ ಸೋಲಿನಲ್ಲಿ ಸೌಂದರ್ಯ ಹುಡುಕಲಿಲ್ಲ. ಯಾರು ಏನು ತಪ್ಪು ಮಾಡುತ್ತಿದ್ದಾರೆ ಎಂದು ನೇರವಾಗಿ ಬರೆದರು, ಬದಲಾವಣೆ ಕೇಳಿದರು. 2015ರಲ್ಲೂ ಆಟಗಾರರು ಮ್ಯಾನೇಜರುಗಳ ಮೇಲೆ ವಿಶ್ವಾಸವಿಲ್ಲವೆಂದು ಮತ ಹಾಕಿದಾಗ ದೊಡ್ಡ ಗದ್ದಲವಾಯಿತು, ಸೊಕ್ಕಿನವರೆಂದು ಬೈಸಿಕೊಂಡರು. ಮುಂದಿನ ಎರಡು ವರ್ಷವೂ ಅವರು ಫೈನಲ್‌ನಲ್ಲಿದ್ದರು. ಮೇಯೋ ಫುಟ್‌ಬಾಲಿನ ನಿಜವಾದ ಪರಂಪರೆ ಈ ಎರಡು ಘಟನೆಗಳನ್ನು ಜೋಡಿಸುವ ದಾರದಲ್ಲಿದೆ.

2025ರಲ್ಲಿ ಆಂಡಿ ಮೊರಾನ್ ಮೇಯೋ ಮ್ಯಾನೇಜರ್ ಆಗಿ ನೇಮಕಗೊಂಡರು. ಆರು ಫೈನಲ್‌ಗಳ ಹನ್ನೆರಡು ಗೋಲುಗಳಲ್ಲಿ ಕೆಲವನ್ನು ಅಂಗಳದಿಂದಲೇ ಕಂಡವರು ಅವರು. ಅವರನ್ನು ಭೇಟಿಯಾಗುವ ಪತ್ರಕರ್ತರಲ್ಲಿ ನನ್ನ ವಿನಂತಿ ಇಷ್ಟೇ: ಫಾಕ್ಸ್‌ಫರ್ಡಿನ ಬಗ್ಗೆ ಕೇಳಬೇಡಿ. ಆಟದ ಮೊದಲ ಹತ್ತು ನಿಮಿಷ ಗೋಲಿನ ಮುಂದೆ ಯಾರನ್ನು ನಿಲ್ಲಿಸುತ್ತೀರಿ ಎಂದು ಕೇಳಿ.